ಹಾವೇರಿಗೆ ವಾಣಿಜ್ಯ ವಿದ್ಯೆ ಬೇಡವೇ?

ಎಂ.ಕಾಂ., ಎಂಬಿಎ ಓದುವವರು ದೊಡ್ಡ ಊರಿಗೆ ಹೋಗಲಿ, ಹಾವೇರಿ ವಿಶ್ವವಿದ್ಯಾಲಯ ಮುಚ್ಚಿದರೆ ನಷ್ಟವಿಲ್ಲ ಎಂಬ ಲೇಖನಕ್ಕೆ ಈ ಉತ್ತರ. ನಷ್ಟ ಇದೆ. ಹಿರೇಕೆರೂರಿನ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಮನೆ ಸೇರುವ ಹುಡುಗಿಗೆ ಇದೆ. ದೂರದೂರಿನ ಬಾಡಿಗೆ, ಊಟದ ಖರ್ಚು ಅಂದರೆ ಅವಳ ಓದು ಪದವಿಗೇ ನಿಂತಿತು. 2025ರಲ್ಲಿ ಸಂಪುಟ ಉಪಸಮಿತಿ ಹಾವೇರಿಯದೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಹೇಳಿದ್ದು ಹಣದ ಕೊರತೆಯಿಂದ. ಹಾಗಿದ್ದರೆ ಹಣ ಕೊಡಿ.

ಇಲ್ಲಿ ವ್ಯಾಪಾರವಿಲ್ಲವೇ? ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ ದೂರದ ಪೇಟೆ ಸೇರುತ್ತವೆ, ದರ ಕಟ್ಟುವವರು ಹೊರಗಿನವರು. ಸಾಲ, ಸಹಕಾರ, ಶೈತ್ಯಾಗಾರದ ಲೆಕ್ಕವನ್ನು ಹೊಲದ ಪಕ್ಕದಲ್ಲೇ ಕಲಿಸಬೇಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಗ್ರಾಮೀಣ ಮತ್ತು ಬುಡಕಟ್ಟು ನಿರ್ವಹಣೆಯಲ್ಲೇ ಎಂಬಿಎ ನಡೆಸಿದೆ. ಅದನ್ನು ಬೆಳೆಸಿ, ಬೋಧಕರನ್ನು ಕಾಯಂ ಮಾಡಿ, ಸಂಜೆ ಬಸ್ಸು ಹೆಚ್ಚಿಸಿ.