ವಾಕ್ಯ ಸೈತಾನನಿಗೂ ಗೊತ್ತು

ತಪಸ್ಸುಕಾಲದ ಪ್ರಥಮ ಭಾನುವಾರ ನಾವು ಯೇಸುಸ್ವಾಮಿ ಎದುರಿಸಿದ ಶೋಧನೆಯ ವೃತ್ತಾಂತವನ್ನು ಆಲಿಸುತ್ತೇವೆ. ಸಂತ ಮತ್ತಾಯ ಬರೆದಂತೆ, ಸೈತಾನನು ಅಲ್ಲಿ ದೇವರನ್ನು ನಿರಾಕರಿಸುವುದಿಲ್ಲ; 91ನೇ ಕೀರ್ತನೆಯನ್ನೇ ಉದ್ಧರಿಸಿ, ದೇವಾಲಯದ ಶಿಖರದಿಂದ ಧುಮುಕಲು ಪ್ರೇರೇಪಿಸುತ್ತಾನೆ. ಆದರೆ ದೂತರ ಕಾವಲು ನಾವು ನಡೆಯುವ ಮಾರ್ಗದಲ್ಲಿ ಎಂಬ ಅಂಶವನ್ನು ಜಾಣತನದಿಂದ ಬಿಟ್ಟುಬಿಡುತ್ತಾನೆ. ದೇವರನ್ನು ಪರೀಕ್ಷಿಸಲಾಗದೆಂದು ಯೇಸು ಧರ್ಮೋಪದೇಶಕಾಂಡದಿಂದಲೇ ಉತ್ತರಿಸುತ್ತಾರೆ.

ಇಂದು ಈ ಶೋಧನೆ ಮೊಬೈಲಿನ ಮೂಲಕ ಮನೆಯೊಳಗೆ ಬರುತ್ತದೆ. ಒಂದು ವಾಕ್ಯವನ್ನು ಕಿತ್ತು ತೋರಿಸಿ, ಔಷಧಿ ಬಿಡಿ, ವಿಶ್ವಾಸವೊಂದೇ ಸಾಕು ಎನ್ನುವವರಿದ್ದಾರೆ. ಕಾಣಿಕೆ ಕೊಟ್ಟರೆ ಸಾಲ ತೀರುವುದೆನ್ನುವವರೂ ಇದ್ದಾರೆ. ಹೂಟಗಳ್ಳಿಯ ಕಾರ್ಖಾನೆಗಳಲ್ಲಿ ದುಡಿದು, ಮನೆಸಾಲ, ಮಕ್ಕಳ ಶುಲ್ಕಗಳ ಭಾರ ಹೊತ್ತ ಕುಟುಂಬಕ್ಕೆ ಆ ಮಾತು ಹಿತವೆನಿಸೀತು. ಅಪಾಯವಿರುವುದೂ ಅಲ್ಲಿಯೇ.

ನಮ್ಮ ಮೈಸೂರು ಸೀಮೆಯ ಹಿರಿಯರು ಬೇರೆ ದಾರಿ ತೋರಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಇಲ್ಲಿಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬ್ವಾ, 1803–04ರಲ್ಲಿ 25,432 ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರೆಂದು ದಾಖಲೆಯಿದೆ. ಪ್ರಾರ್ಥಿಸುವ ಗುರುವೇ ಲಸಿಕೆಗೆ ಮುಂದಾದುದು ವಿಶ್ವಾಸದ ಕೊರತೆಯಲ್ಲ; ವಿವೇಕವೂ ದೇವರ ವರವೇ.

ಪವಿತ್ರ ಗ್ರಂಥವನ್ನು ಅದರ ಸಮಗ್ರತೆಯಲ್ಲಿ, ಧರ್ಮಸಭೆಯ ಪರಂಪರೆಯೊಡನೆ ಓದಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಆದುದರಿಂದ ಪ್ರಿಯರೇ, ಯಾರಾದರೂ ಒಂದು ವಾಕ್ಯ ಕಳುಹಿಸಿದಾಗ ಮನೆಮಂದಿಯೆಲ್ಲ ಕುಳಿತು ಆ ಅಧ್ಯಾಯವನ್ನು ಪೂರ್ತಿಯಾಗಿ ಓದಿರಿ. ಅದು ನಮ್ಮನ್ನು ದೇವರ ಚಿತ್ತಕ್ಕೆ ಮಣಿಸುತ್ತಿದೆಯೋ, ದೇವರನ್ನು ನಮ್ಮ ಇಚ್ಛೆಗೆ ಮಣಿಸಲು ಹೊರಟಿದೆಯೋ ಎಂದು ಕೇಳಿಕೊಳ್ಳಿರಿ.