ಶಬ್ದಚಿಂತನ: ‘ಶಿವಾಧೀನ’ ಎಂಬ ಮಾತು

ಸಾಗರದ ಓದುಗರೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಅವರ ಅಜ್ಜಿಯವರ ಶಿವಗಣಾರಾಧನೆಯ ಪತ್ರಿಕೆಯನ್ನು ಅಚ್ಚಿಗೆ ಕೊಡಬೇಕಾಗಿತ್ತು. ಮನೆಯ ಹಿರಿಯರು ‘ಶಿವಾಧೀನರಾದರು’ ಎಂದು ಬರೆಸಿದ್ದರು; ಮೊಮ್ಮಕ್ಕಳು ಅದು ಹಳೆಯ ಮಾತೆಂದು ಹೊಡೆದುಹಾಕಿ ‘ಲಿಂಗೈಕ್ಯರಾದರು’ ಎಂದು ತಿದ್ದಿದ್ದರು. ಯಾವುದು ಸರಿ ಎಂಬುದು ಅವರ ಪ್ರಶ್ನೆ. ಇದು ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆಯಾದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸೋಣ.

ಶಿವ + ಅಧೀನ, ಸವರ್ಣದೀರ್ಘ ಸಂಧಿಯಿಂದ ‘ಶಿವಾಧೀನ’. ಅಧೀನವೆಂದರೆ ಕೈಕೆಳಗಿನದು, ವಶವಾದದ್ದು ಎಂದು ನಾವು ದಿನವೂ ಬಳಸುತ್ತೇವೆ. ಸಂಸ್ಕೃತ ಕೋಶಕಾರರು ಈ ಶಬ್ದವನ್ನು ಬಿಡಿಸುವ ರೀತಿ ಬೇರೆ. ‘ಇನ’ ಎಂದರೆ ಒಡೆಯ. ಸೂರ್ಯನಿಗೂ ಆ ಹೆಸರುಂಟು. ಒಡೆಯನನ್ನು ಸೇರಿದವನೇ ಅಧೀನ. ಹಾಗಾದರೆ ಈ ಮಾತು ಜೀವವು ನಾಶವಾಯಿತೆಂದು ಹೇಳುವುದಿಲ್ಲ. ಒಡೆಯನ ಬಳಿಗೆ ಹೋಯಿತೆಂದು ಹೇಳುತ್ತದೆ. ಅನ್ಯ ಸಮಾಜಗಳಲ್ಲಿ ಬಳಕೆಯಲ್ಲಿರುವ ‘ದೈವಾಧೀನ’ವೂ ಇದೇ ಎರಕದ ಮಾತು.

‘ಲಿಂಗೈಕ್ಯ’ದ ಹುಟ್ಟು ಬೇರೆ. ‘ಏಕ’ದಿಂದ ‘ಐಕ್ಯ’, ಒಂದಾಗಿರುವಿಕೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಇದು ಕೊನೆಯದು. ಸಾಧಕನು ದೇಹದಲ್ಲಿರುವಾಗಲೇ ಏರಬೇಕಾದ ನಿಲವು ಇದು, ಮರಣದ ಹೆಸರಲ್ಲ. ಕೂಡಲಸಂಗಮದಲ್ಲಿ ಬಸವಣ್ಣನವರು, ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿ ಶ್ರೀಶೈಲದ ಕದಳಿಯನ್ನು ಸೇರಿದ ಅಕ್ಕಮಹಾದೇವಿ, ಇಂಥವರ ಕೊನೆಯನ್ನು ‘ಐಕ್ಯ’ವೆಂದು ಕರೆದ ರೂಢಿಯೇ ಮುಂದೆ ಎಲ್ಲರಿಗೂ ಹಬ್ಬಿತು.

ಸಾವನ್ನು ಸೇರುವಿಕೆಯೆಂದು ಕಾಣುವ ಕಣ್ಣು ನಮ್ಮ ಮಲೆನಾಡಿಗೆ ಹೊಸದೇನಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ವೀರಗಲ್ಲುಗಳನ್ನು ನೋಡಿರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ಅದೇ ವೀರ. ನಮ್ಮಲ್ಲಿ ಮೃತರನ್ನು ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡುತ್ತೇವೆ. ಸಮಾಧಿಗೆ ‘ಗದ್ದುಗೆ’ ಎಂದು ಹೆಸರು. ಸಿಂಹಾಸನಕ್ಕೂ ಅದೇ ಹೆಸರು. 1689ರಲ್ಲಿ ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮಾಜಿ ಏರಿದ್ದೂ ಗದ್ದುಗೆ. ಬಿದನೂರಿನ, ಎಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರದ ಕೊಪ್ಪಲು ಮಠದಲ್ಲಿ ಇರುವುದೂ ಆಕೆಯ ಗದ್ದುಗೆಯೇ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮಠದ ಪಾಠಶಾಲೆಯನ್ನು ಮುಗಿಸಿದ ಹೊಸತರಲ್ಲಿ ತೀರ್ಥಹಳ್ಳಿ ಸೀಮೆಯ ಒಂದು ಮನೆಗೆ ಹೋಗಿದ್ದೆವು. ಯಜಮಾನರು ತೀರಿ ಮೂರು ದಿನವಾಗಿತ್ತು. ಅವರ ಪತ್ನಿ ನೆಂಟರಿಗೆ ಕಾರ್ಡು ಬರೆಸುತ್ತ ‘ಶಿವಾಧೀನರಾದರು’ ಎಂದರು. ಬರೆಯಲು ಕುಳಿತ ನಾವು ಲೇಖನಿಯನ್ನು ನಿಲ್ಲಿಸಿ, “ತಾಯಿ, ಲಿಂಗವಂತರು ಲಿಂಗೈಕ್ಯ ಎನ್ನಬೇಕು” ಎಂದೆವು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಐಕ್ಯ ಆದರೋ ಇಲ್ಲವೋ ನನಗೆಂತ ಗೊತ್ತು ಶಾಸ್ತ್ರಿಗಳೇ? ಒಡೆಯನದ್ದು ಒಡೆಯನಿಗೆ ಒಪ್ಪಿಸಿದೆ. ಅಷ್ಟೇ ನನಗೆ ಗೊತ್ತಿರೋದು” ಎಂದರು. ನಾವು ಆಕೆ ಹೇಳಿದಂತೆಯೇ ಬರೆದೆವು. ಕೋಶವನ್ನು ತೆರೆದು ‘ಇನ’ ಶಬ್ದದ ಅರ್ಥವನ್ನು ಕಂಡದ್ದು ಎಷ್ಟೋ ವರ್ಷಗಳ ಅನಂತರ.

ಎರಡೂ ಶುದ್ಧ ಶಬ್ದಗಳೇ. ‘ಲಿಂಗೈಕ್ಯ’ವು ಹೋದವರ ಸಾಧನೆಯನ್ನು ಹೇಳುತ್ತದೆ, ‘ಶಿವಾಧೀನ’ವು ಉಳಿದವರ ಸಮರ್ಪಣೆಯನ್ನು ಹೇಳುತ್ತದೆ. ಮೊದಲನೆಯದನ್ನು ಗೌರವದಿಂದ ಬಳಸುವುದರಲ್ಲಿ ದೋಷವಿಲ್ಲ. ಎರಡನೆಯದನ್ನು ಹಳತೆಂದು ಹೊಡೆದುಹಾಕುವುದು ಮಾತ್ರ ಸಲ್ಲದು. ಸಾಗರದ ಬಂಧುಗಳಿಗೆ ನಾವು, “ಪತ್ರಿಕೆಯಲ್ಲಿ ಹಿರಿಯರ ಮಾತೇ ಇರಲಿ, ಅದರ ಅರ್ಥವನ್ನು ಮಕ್ಕಳಿಗೆ ತಿಳಿಸಿರಿ” ಎಂದು ಹೇಳಿ ಕಳುಹಿಸಿದೆವು. ಅವರು ಹಾಗೆಯೇ ಅಚ್ಚು ಹಾಕಿಸಿ ನಮಗೂ ಒಂದು ಪ್ರತಿಯನ್ನು ಕಳುಹಿಸಿದ್ದಾರೆ.

ಶರಣು.