ಯೋಗ ದಿನ ಮುಗಿಯಿತು, ಇನ್ನು?

ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳಲ್ಲೂ ಜೂನ್ 21ಕ್ಕೆ ಯೋಗ ದಿನ ನಡೆಯುತ್ತದೆ. 2015ರಿಂದ ಇದು ರೂಢಿ. ಹೊರಗೆ ಜಡಿಮಳೆ, ಒಳಗೆ ಸಾಲಾಗಿ ಮಕ್ಕಳು, ಒಂದು ಭಾಷಣ, ಒಂದು ಫೋಟೋ. ಮರುದಿನ ಚಾಪೆ ಸುತ್ತಿ ಮೂಲೆಗಿಡುತ್ತೇವೆ. ಮಕ್ಕಳ ಮನಸ್ಸಿಗೆ ಇದರಿಂದ ಸಿಕ್ಕಿದ್ದೇನು?

ಪತಂಜಲಿ ಹೇಳಿದ ಎಂಟು ಅಂಗಗಳಲ್ಲಿ ಆಸನ ಮೂರನೆಯದು, ಅಷ್ಟೆ. ಗುರಿಯಿರುವುದು ಮನಸ್ಸಿನ ಅಲೆದಾಟ ನಿಲ್ಲಿಸುವುದರಲ್ಲಿ. ಮಾರ್ಚ್ ತಿಂಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನೆದು ಕೈ ಬೆವರುವ ಮಗುವಿಗೆ ಶೀರ್ಷಾಸನ ಬೇಡ. ಬೆನ್ನು ನೇರ ಮಾಡಿ ಕೂತು, ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಲು ಕಲಿತರೆ ಎದೆಬಡಿತ ತಗ್ಗುತ್ತದೆ. ದಿನಾ ಹತ್ತು ನಿಮಿಷ, ಮೊದಲ ಪಿರಿಯಡ್‌ಗೆ ಮುಂಚೆ. ಖರ್ಚೇನೂ ಇಲ್ಲ.

ಇನ್ನೊಂದು ಮಾತು. ಹೇಳಿಕೊಡುವುದು ಮಗುವಿನ ಭಾಷೆಯಲ್ಲೇ ಆಗಲಿ. ಸೂಚನೆಯ ಅರ್ಥ ಹುಡುಕುತ್ತಾ ಕೂತ ಮನಸ್ಸು ಶಾಂತವಾಗುವುದು ಹೇಗೆ? ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಕಳಿಸಿ, ಪಾಠ ತಿಳಿಯದೆ ಕುಗ್ಗಿದ ಮಕ್ಕಳಿಗೆ ಪ್ರಾಣಾಯಾಮ ಮಾಡಿ ಎನ್ನುವುದೂ ನ್ಯಾಯವಲ್ಲ. ಯೋಗದಿಂದ ಕೇಳುವ ಧೈರ್ಯ ಬರಬೇಕು, ಬಾಯಿ ಮುಚ್ಚಬಾರದು. ವಾರಗಟ್ಟಲೆ ಮಂಕಾಗಿರುವ ಮಗುವಿಗಂತೂ ಕೌನ್ಸೆಲರ್, ವೈದ್ಯರ ನೆರವು ಬೇಕು. ಯೋಗ ಅದಕ್ಕೆ ಬದಲಲ್ಲ.

ಅಧ್ಯಾಪಕರಾದ ನಾವೂ ಆ ಹತ್ತು ನಿಮಿಷ ಮಕ್ಕಳ ಜೊತೆ ಕೂರೋಣ. ಜನಗಣತಿ, ಚುನಾವಣೆ, ದಾಖಲೆ ಪುಸ್ತಕಗಳ ನಡುವೆ ದಣಿದ ಮನಸ್ಸು ನಮ್ಮದೂ ಹೌದಲ್ಲ? ಏನಂತೀರಿ?